ದನಿಗಳು ‘ಅನ್ನುತ್ತವೆ’ ಸರಿಯೋ, ‘ಅನ್ನುತ್ತಾರೆ’ ಸರಿಯೋ?

ಗೆಳೆಯರೇ,

ಒಂದು ವಿಡಿಯೊ ಗೇಮ್ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತು, ಎರಡನೇ ಪ್ಯಾರಾದಲ್ಲೇ ಸಿಕ್ಕಿಕೊಂಡಿದ್ದೇನೆ. ನಿಮ್ಮ ಸಹಾಯ ಬೇಕು.

ಆಟದ ಹೆಸರು ‘ಹೆಲ್‌ಬ್ಲೇಡ್: ಸೆನುವಾಸ್ ಸ್ಯಾಕ್ರಿಫೈಸ್’. ಇಂಗ್ಲೆಂಡಿನ ಕೇಂಬ್ರಿಜ್‌ನ ನಿಂಜಾ ಥಿಯರಿ ಅನ್ನುವ ಕಂಪನಿ, ದೊಡ್ಡ ಪ್ರಕಾಶಕರ ಹಂಗಿಲ್ಲದೆ, ಇಪ್ಪತ್ತರ ಆಸುಪಾಸಿನ ಸಣ್ಣ ತಂಡ ಕಟ್ಟಿಕೊಂಡು ಮಾಡಿ 2017ರಲ್ಲಿ ಬಿಟ್ಟದ್ದು. ಸೆನುವಾ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪದ, ಅಲ್ಲಿನ ಪ್ರಾಚೀನ ಪಿಕ್ಟ್ ಕುಲದ ಹುಡುಗಿ, ಕತ್ತಿ ಹಿಡಿದವಳು. ಅವಳ ಪ್ರಿಯಕರ ಡಿಲಿಯನ್‌ನನ್ನು ವೈಕಿಂಗರು ಕೊಂದಿದ್ದಾರೆ. ಅವನ ತಲೆಯನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡು, ಅವನ ಜೀವ ಬಿಡಿಸಿಕೊಂಡು ಬರಲು ಸತ್ತವರ ಲೋಕ ಹೆಲ್‌ಹೈಮ್‌ಗೆ ಹೊರಟಿದ್ದಾಳೆ. (ದಯವಿಟ್ಟು ಯಾರೂ ‘ನರಕ’ ಅಂತ ಸೂಚಿಸಬೇಡಿ. ನಾರ್ಸ್, ಅಂದರೆ ವೈಕಿಂಗರ ಪುರಾಣಕಥೆಗಳಲ್ಲಿ ಕಾಯಿಲೆಯಿಂದ, ಮುಪ್ಪಿನಿಂದ ಸತ್ತವರೂ ಅಲ್ಲಿಗೇ ಹೋಗುತ್ತಾರೆ. ಪಾಪ ಮಾಡಿರಲೇಬೇಕು ಅಂತಿಲ್ಲ.)

ಬೇರೆ ಯಾರಿಗೂ ಕೇಳಿಸದ ದನಿಗಳ ಮಾತು ಅವಳಿಗೆ ಸದಾ ಕೇಳಿಸುತ್ತಿರುತ್ತದೆ. ಇದನ್ನು ಮನುಷ್ಯನ ತಲೆಯ ಆಕಾರದ ಮೈಕ್ ಇಟ್ಟು, ಅದರ ಸುತ್ತ ಓಡಾಡಿಕೊಂಡು ರೆಕಾರ್ಡ್ ಮಾಡಿದ್ದಾರೆ. ಹೆಡ್‌ಫೋನ್ ಹಾಕಿಕೊಂಡರೆ ಒಬ್ಬಳು ಎಡಗಿವಿಯ ಹತ್ತಿರ ಕಿಸಕ್ಕನೆ ನಗುತ್ತಾಳೆ. ಇನ್ನೊಬ್ಬಳು ಬೆನ್ನ ಹಿಂದೆ ನಿಂತು ‘ಇವಳ ಕೈಲಾಗಲ್ಲ’ ಅನ್ನುತ್ತಾಳೆ. ಹಾಗಂತ ಬರೀ ಕಾಟವೂ ಅಲ್ಲ. ಕಾದಾಟದ ನಡುವೆ ಹಿಂದಿನಿಂದ ಏಟು ಬೀಳುವ ಹೊತ್ತಿಗೆ ‘ಹಿಂದೆ ನೋಡು!’ ಅಂತ ಕೂಗಿ ಉಳಿಸುವುದೂ ಅವೇ.

ನೋಡಿ, ಮೇಲೆ ‘ಅನ್ನುತ್ತಾಳೆ’ ಅಂದವನು ಈಗ ‘ಅವೇ’ ಅಂದುಬಿಟ್ಟೆ. ನನ್ನ ತೊಡಕು ಇದೇ. ಇಂಗ್ಲಿಷಿನವರು ‘ದೇ’ ಅಂತ ಹೇಳಿ ಪಾರಾಗುತ್ತಾರೆ. ನಮಗೆ ಆ ಸೌಲಭ್ಯ ಇಲ್ಲ. ‘ದನಿಗಳು ಹೇಳುತ್ತವೆ’ ಅಂದರೆ ಅದು ಆಚೆ ನಿಂತು ನೋಡುವವರ ಮಾತು, ಕೇಸ್ ಶೀಟಿನ ಭಾಷೆ. ‘ಅವರು ಹೇಳ್ತಾರೆ’ ಅಂದರೆ ಅದು ಕೇಳಿಸಿಕೊಳ್ಳುವವರ ಮಾತು. ನಾವು ಯಾರ ಕಡೆ ನಿಂತಿದ್ದೇವೆ ಅಂತ ಕ್ರಿಯಾಪದದ ಬಾಲದಲ್ಲೇ ಗೊತ್ತಾಗಿಬಿಡುತ್ತೆ, ಅಲ್ವಾ? ಈ ಆಟಕ್ಕೆ ಕೇಂಬ್ರಿಜ್ ವಿಶ್ವವಿದ್ಯಾಲಯದ ಮನೋವೈದ್ಯ ಪಾಲ್ ಫ್ಲೆಚರ್ ಸಲಹೆ ಕೊಟ್ಟಿದ್ದಾರೆ. ಸ್ವತಃ ದನಿ ಕೇಳಿಸಿಕೊಂಡವರನ್ನೂ ತಂಡದವರು ಮಾತಾಡಿಸಿದ್ದಾರೆ. ಆಟದಲ್ಲಿ ಸೆನುವಾಗೆ ಕಂಡದ್ದೇ ನಮಗೂ ಕಾಣುವುದು. ಹಾಗಾಗಿ ನನ್ನ ಒಲವು ‘ಅವರು’ ಕಡೆಗೆ.

ಇನ್ನು ಈ ದನಿಗಳಿಗೆ, ಅವಳ ಈ ಸ್ಥಿತಿಗೆ ಹೆಸರು. ‘ಅಶರೀರವಾಣಿ’ ಹಾಕು ಅಂದ ಒಬ್ಬ ಸ್ನೇಹಿತ. ಅಶರೀರವಾಣಿ ಮೇಲಿನಿಂದ ಬಂದು, ಇದ್ದ ನಿಜ ಒಂದೇ ಸಲ ಹೇಳಿ ಹೊರಟುಹೋಗುತ್ತೆ. ಇವರು ಹೋಗುವುದೇ ಇಲ್ಲ, ತಮ್ಮತಮ್ಮಲ್ಲೇ ಜಗಳ ಬೇರೆ. ‘ಭ್ರಮೆ’ಯೂ ಸಾಲದು. ಇಲ್ಲದ್ದು ಕೇಳಿಸುವುದಕ್ಕೂ ಭ್ರಮೆ, ಇಲ್ಲದ್ದನ್ನು ನಂಬುವುದಕ್ಕೂ ಭ್ರಮೆ. ‘ಚಿತ್ತವಿಕಲತೆ’ ಪುಸ್ತಕದಲ್ಲಿ ಸರಿ, ಮನೆಯಲ್ಲಿ ಯಾರೂ ಹೇಳಲ್ಲ. ‘ಗಾಳಿ ಸೋಕಿದೆ’ ಮಾತ್ರ ಸೆನುವಾಳ ಅಪ್ಪನ ಬಾಯಿಗೆ ಹೇಳಿ ಮಾಡಿಸಿದ ಹಾಗಿದೆ. ಅವನ ಪಾಲಿಗೆ ಹೆಂಡತಿಗೆ ಇದ್ದದ್ದೂ ಶಾಪ, ಮಗಳಿಗೆ ಬಂದದ್ದೂ ಶಾಪ. ಬೇರೆ ಯಾರ ಬಾಯಿಗೂ ಅದು ಬೇಡ.

ಹೆಚ್ಚು ತಲೆ ಕೆಡಿಸಿದ್ದು ‘ಗೆಲ್ಟ್’. ಹಳೆಯ ಐರಿಷ್ ಕಥೆಗಳಲ್ಲಿ ಯುದ್ಧದ ಭೀಕರತೆ ಕಂಡು ಬುದ್ಧಿ ಕದಡಿ ಕಾಡು ಸೇರಿದವರಿಗೆ ಈ ಹೆಸರು. ಸೆನುವಾ ಕೂಡ ಹಾಗೆ ಕಾಡಿಗೆ ಹೋಗಿದ್ದವಳೇ. ಇದಕ್ಕೆ ನನಗೆ ತೋಚಿದ್ದು ‘ಮರುಳು’. ಹಳಗನ್ನಡದಲ್ಲಿ ‘ಮರುಳ್’ ಅಂದರೆ ಹುಚ್ಚೂ ಹೌದು, ರಣರಂಗದಲ್ಲಿ ಅಲೆಯುವ ಪಿಶಾಚಿಯೂ ಹೌದು. ರನ್ನನ ಗದಾಯುದ್ಧದಲ್ಲಿ ಹೆಣಗಳ ನಡುವೆ ನಡೆದುಹೋಗುವ ದುರ್ಯೋಧನನನ್ನು ಆಡಿಕೊಳ್ಳುವುದು ಇಂಥ ಮರುಳೇ. ಯುದ್ಧ, ಹುಚ್ಚು, ದೆವ್ವ ಮೂರೂ ಒಂದೇ ಪದದಲ್ಲಿ! ಐರಿಷಿನವರಿಗೂ ಇಷ್ಟು ಸಿಕ್ಕಿಲ್ಲ ಅಂತ ಸುಮ್ನೆ ಹೆಮ್ಮೆಪಟ್ಟೆ. ಆಮೇಲೆ ನೆನಪಾಯಿತು: ಇವತ್ತು ‘ಮರುಳಾದಳು’ ಅಂತ ಬರೆದರೆ ಓದುವವರಿಗೆ ಹೊಳೆಯುವುದು ಸೀರೆ ಅಂಗಡಿಯ ಜಾಹೀರಾತು. ಇಲ್ಲವಾದರೆ ಅರವತ್ತರ ಅರಳು ಮರಳು.

ನಿಮ್ಮ ಕಡೆ ಯಾರಾದರೂ ‘ಮರುಳು’ ಅನ್ನುವುದನ್ನು ಬುದ್ಧಿ ಕದಡಿದವರಿಗೆ, ಬೈಗುಳವಾಗಿ ಅಲ್ಲದೆ, ಈಗಲೂ ಬಳಸುತ್ತಾರಾ? ಮತ್ತೆ ‘ಅವು’, ‘ಅವರು’ ಎರಡರಲ್ಲಿ ನೀವಾಗಿದ್ದರೆ ಯಾವುದು ಬರೆಯುತ್ತಿದ್ದಿರಿ?