ಸಹಾಯ ಬೇಕು: ಯಜಮಾನರ ಕುಡಿತ ಮತ್ತು ಮೌನ

ಕೊಡಗಿನ ಸೋಮವಾರಪೇಟೆ ಕಡೆಯವಳು ನಾನು. ನಮ್ಮದು ಸಣ್ಣ ಕಾಫಿ ತೋಟ. ಈ ಸಲ ಕೊಯ್ಲಿನ ಹೊತ್ತಿಗೆ ಮಳೆ ಸುರಿದು, ಕಣದಲ್ಲಿ ಹರಡಿದ್ದ ಕಾಫಿಯೆಲ್ಲ ಬೂಷ್ಟು ಹಿಡಿಯಿತು. ಅಂದಿನಿಂದ ಯಜಮಾನರು ಮೊದಲಿನಂತಿಲ್ಲ. 2018ರ ಆಗಸ್ಟ್‌ನ ಭೂಕುಸಿತವನ್ನು ಕಣ್ಣಾರೆ ಕಂಡವರು ಅವರು. ಈಗಲೂ ರಾತ್ರಿ ಮಳೆ ಜೋರಾದರೆ ಎದ್ದು, ಟಾರ್ಚ್ ಹಿಡಿದು ಮನೆ ಹಿಂದಿನ ಬರೆ (ಕಡಿದಾದ ಮಣ್ಣಿನ ದಿಬ್ಬ) ನೋಡಿ ಬರುತ್ತಾರೆ.

‘ನಿದ್ದೆಗೆ’ ಎಂದು ಶುರುವಾದ ಒಂದು ಪೆಗ್ ಈಗ ದಿನಕ್ಕೊಂದು ಕ್ವಾರ್ಟರ್ ಆಗಿದೆ. ನಿದ್ದೆಯೇನೋ ಬೇಗ ಬರುತ್ತದೆ, ಆದರೆ ಮೂರು ಗಂಟೆಗೇ ಎಚ್ಚರ. ಬಾಟಲಿ ಬಚ್ಚಿಟ್ಟೆ, ಜಗಳವಾಯಿತು. ಭಾವನವರಿಂದ ಹೇಳಿಸಿದೆ, ಮಾತೇ ನಿಂತಿತು. (ಬುದ್ಧಿ ಹೇಳಿಸಿದ್ದು ನನ್ನದೇ ತಪ್ಪು.) ಒಂದು ದಿನ ಕುಡಿಯದಿದ್ದರೆ ಬೆಳಿಗ್ಗೆ ಕಾಫಿ ಲೋಟ ಹಿಡಿದ ಕೈ ನಡುಗುತ್ತದೆ. ಹಾಗಾಗಿ ಒಮ್ಮೆಲೇ ಬಿಡಿಸಲು ಭಯ.

ಸಂಜೆ ಒಬ್ಬರೇ ತೋಟದಲ್ಲಿ ಮೆಣಸಿನ ಬಳ್ಳಿ ಕಟ್ಟುತ್ತಾ ಗಂಟೆಗಟ್ಟಲೆ ಇರುತ್ತಾರೆ. ಅದು ಮನಸ್ಸು ಹಗುರ ಮಾಡಿಕೊಳ್ಳುವ ಒಳ್ಳೆಯ ದಾರಿಯೋ, ನಮ್ಮಿಂದ ದೂರವಾಗುತ್ತಿರುವ ಲಕ್ಷಣವೋ, ತಿಳಿಯುತ್ತಿಲ್ಲ. ಇದನ್ನು ಹೇಗೆ ಗುರುತಿಸುವುದು? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮನೆಯವರ ಪರವಾಗಿ ಕರೆ ಮಾಡಿದವರು ಯಾರಾದರೂ ಇದ್ದೀರಾ? ಮೊದಲು ಏನು ಕೇಳಿದಿರಿ?