ಶನಿವಾರ ಸಂಜೆ ಪಾರ್ಕ್ ಗೇಟಿನ ಸುವಾರ್ತೆ ಸಭೆ: ದೂರು ಬರೆಯೋ ಮುಂಚೆ ಇಲ್ಲಿ ಮಾತಾಡೋಣ

ಸಂಘದ ಕಾರ್ಯದರ್ಶಿ, 2ನೇ ಕ್ರಾಸ್
ಎಲ್ಲರಿಗೂ ನಮಸ್ಕಾರ. ಪ್ರತಿ ಶನಿವಾರ ಸಂಜೆ ಐದೂವರೆಯಿಂದ ಏಳೂವರೆ ತನಕ ಪಾರ್ಕಿನ ಮುಖ್ಯ ಗೇಟು ಮತ್ತು ಬಸ್ ಸ್ಟಾಪ್ ಮಧ್ಯೆ ಎಂಟು-ಹತ್ತು ಯುವಕ ಯುವತಿಯರು ಕ್ರೈಸ್ತ ಸುವಾರ್ತೆ ಸಾರ್ತಾರೆ. ಗಿಟಾರ್, ಹಾಡು, ಸಾಕ್ಷಿ (ದೇವರಿಂದ ತಮ್ಮ ಬದುಕು ಹೇಗೆ ಬದಲಾಯ್ತು ಅಂತ ಹೇಳಿಕೊಳ್ಳೋದು), ಆಮೇಲೆ ಬೋಧನೆ. ಎದುರಿಗೆ ಪಿಯು ಕಾಲೇಜು, ಟ್ಯೂಷನ್ ಸೆಂಟರ್‌ಗಳು ಇರೋದರಿಂದ ನಿಂತು ಕೇಳೋರೆಲ್ಲ ಹದಿನಾರರಿಂದ ಇಪ್ಪತ್ತರ ವಯಸ್ಸಿನವರು. ಸಂಘಕ್ಕೆ ಬಂದ ತಕರಾರು ನಾಲ್ಕು: ಟ್ರಾಲಿ ಸ್ಪೀಕರಿನ ಸದ್ದು, ಬಸ್ ಸ್ಟಾಪಿನ ಫುಟ್‌ಪಾತ್ ಮುಚ್ಚಿಹೋಗೋದು, ಪಾರ್ಕ್ ತುಂಬ ಕರಪತ್ರ, ಮಕ್ಕಳ ಫೋನ್ ನಂಬರ್ ಬರೆಸಿಕೊಳ್ಳೋದು. ಜೊತೆಗೆ "ಮತಾಂತರ ಕೇಸು ಹಾಕಿಸೋಣ" ಅಂತಲೂ ಕೆಲವರು ಬರೆದಿದ್ದಾರೆ. ಭಾನುವಾರದ ಮೀಟಿಂಗಿಗೆ ಮುಂಚೆ ವಿಷಯ ಗೊತ್ತಿರೋರು ದಯವಿಟ್ಟು ಬರೀರಿ. ಫಾರ್ವರ್ಡ್ ಮೆಸೇಜು ಬೇಡ.

9ನೇ ಕ್ರಾಸ್, ಪೋಷಕರು
ಸರ್, ಮೀಟಿಂಗ್ ಯಾಕೆ? ಚಿಕ್ಕ ಮಕ್ಕಳಿಗೆ ರಸ್ತೇಲಿ ನಿಂತು ಧರ್ಮ ಬೋಧನೆ ಮಾಡೋದೇ ತಪ್ಪಲ್ವಾ? ಕಾಯ್ದೆ ಇದೆ, ಸೀದಾ ಎಫ್‌ಐಆರ್ ಮಾಡಿಸೋಣ.

7ನೇ ಕ್ರಾಸ್, ವಕೀಲರು
ಮೇಡಂ, ನಿಮ್ಮ ಆತಂಕ ಅರ್ಥ ಆಗುತ್ತೆ. ಆದರೆ ಆ ದಾರಿ ಹಿಡಿದ್ರೆ ಕೇಸೂ ನಿಲ್ಲಲ್ಲ, ಸದ್ದೂ ನಿಲ್ಲಲ್ಲ. ಕಾರಣ ಬಿಡಿಸಿ ಹೇಳ್ತೀನಿ.

ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬೋದು, ಆಚರಿಸೋದರ ಜೊತೆಗೆ ಪ್ರಚಾರ ಮಾಡೋ ಹಕ್ಕನ್ನೂ ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಇವುಗಳ ಮಿತಿ ಅದಕ್ಕಿದೆ. 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗೆರೆ ಎಳೆದಿದೆ: ನಿಮ್ಮ ಧರ್ಮದ ತತ್ವಗಳನ್ನು ಹೇಳಬಹುದು, ಇನ್ನೊಬ್ಬರನ್ನು ಮತಾಂತರ ಮಾಡೋದು ನಿಮ್ಮ ಮೂಲಭೂತ ಹಕ್ಕಲ್ಲ.

ನಮ್ಮ ರಾಜ್ಯದ 2022ರ ಮತಾಂತರ ತಡೆ ಕಾಯ್ದೆ ಹಿಡಿಯೋದು ಬಲವಂತ, ವಂಚನೆ, ಅನುಚಿತ ಪ್ರಭಾವ, ಆಮಿಷ, ಮದುವೆಯ ಭರವಸೆ ಇವುಗಳಿಂದ ಆಗೋ ಮತಾಂತರವನ್ನು, ಅಂಥ ಪ್ರಯತ್ನವನ್ನು. 2023ರ ಜೂನ್‌ನಲ್ಲಿ ಸಚಿವ ಸಂಪುಟ ರದ್ದು ಮಾಡಲು ತೀರ್ಮಾನಿಸಿತು ನಿಜ. ಸಂಪುಟ ತೀರ್ಮಾನಿಸಿದ ಮಾತ್ರಕ್ಕೆ ಕಾಯ್ದೆ ಹೋಗಲ್ಲ. 2025ರಲ್ಲೂ ಅದರಡಿಯ ಪ್ರಕರಣ ಹೈಕೋರ್ಟ್ ಮುಂದೆ ಇತ್ತು. ಜಮಖಂಡಿಯ ದೇವಸ್ಥಾನವೊಂದರ ಹತ್ತಿರ ಇಸ್ಲಾಂ ಕುರಿತ ಕರಪತ್ರ ಹಂಚಿದರು ಅನ್ನೋದು ಆರೋಪ. ಹೈಕೋರ್ಟ್ ಎಫ್‌ಐಆರ್ ರದ್ದು ಮಾಡಿತು. ಕರಪತ್ರ ಹಂಚೋದು, ಬೋಧಿಸೋದು ತಾನೇ ಅಪರಾಧ ಅಲ್ಲ, ಮತಾಂತರದ ಪ್ರಯತ್ನ ಕಾಣಬೇಕು ಅನ್ನೋದು ಒಂದು ಕಾರಣ. ದೂರು ಕೊಟ್ಟವರಿಗೆ 4ನೇ ಕಲಮಿನ ಅರ್ಹತೆ ಇರಲಿಲ್ಲ ಅನ್ನೋದು ಇನ್ನೊಂದು. ಆ ಕಲಮಿನ ಪ್ರಕಾರ ದೂರು ಕೊಡಬಹುದಾದವರು ಮತಾಂತರಗೊಂಡ ವ್ಯಕ್ತಿ, ತಂದೆ ತಾಯಿ, ಒಡಹುಟ್ಟಿದವರು, ಬಂಧುಗಳು, ಆ ವ್ಯಕ್ತಿಯ ಜೊತೆ ಒಡನಾಟ ಇರೋರು, ಸಹೋದ್ಯೋಗಿಗಳು. ಬಡಾವಣೆ ಸಂಘ ಇದರಲ್ಲಿ ಬರಲ್ಲ.

ನಮ್ಮ ಕೈಯಲ್ಲಿರೋದು ಸದ್ದಿನ ನಿಯಮ. ಅದು ಗಟ್ಟಿಯಾಗಿದೆ. 2000ರಲ್ಲಿ ಚೆನ್ನೈನ ಬಡಾವಣೆ ಸಂಘವೊಂದು ಒಂದು ಪೆಂಟೆಕೋಸ್ಟಲ್ ಚರ್ಚಿನ ಧ್ವನಿವರ್ಧಕದ ವಿರುದ್ಧ ಸುಪ್ರೀಂ ಕೋರ್ಟ್ ತನಕ ಹೋಗಿ ಗೆದ್ದಿದೆ. ಬೇರೆಯವರ ನೆಮ್ಮದಿ ಕೆಡಿಸಿ, ಧ್ವನಿವರ್ಧಕ ಹಾಕಿ ಪ್ರಾರ್ಥಿಸಬೇಕು ಅಂತ ಯಾವ ಧರ್ಮವೂ ಹೇಳಲ್ಲ ಅನ್ನೋದು ಆ ತೀರ್ಪಿನ ತಿರುಳು. ಗಮನಿಸಿ, ಆ ಸಂಘ ಪ್ರಾರ್ಥನೆ ನಿಲ್ಲಿಸಿ ಅಂತ ಕೇಳಲಿಲ್ಲ, ಸದ್ದು ಇಳಿಸಿ ಅಂತ ಕೇಳಿತು.

5ನೇ ಕ್ರಾಸ್, ಹಿರಿಯರು
ಲಾಯರ್ ಸಾಹೇಬ್ರೆ, ಕಾಲೇಜಿನಿಂದ ನೂರು ಮೀಟರ್ ಒಳಗೆ ನಿಶ್ಶಬ್ದ ವಲಯ ಅಂತಾರಲ್ಲ, ಅಷ್ಟು ಬರೆದ್ರೆ ಸಾಲದೇ?

7ನೇ ಕ್ರಾಸ್, ವಕೀಲರು
ಸಾಲದು ಅಂಕಲ್. ಶಬ್ದ ಮಾಲಿನ್ಯ ನಿಯಮಕ್ಕೆ 2017ರಲ್ಲಿ ತಿದ್ದುಪಡಿ ಆದಮೇಲೆ, ರಾಜ್ಯ ಸರ್ಕಾರ ಆ ಜಾಗವನ್ನು ನಿಶ್ಶಬ್ದ ವಲಯ ಅಂತ ಪ್ರತ್ಯೇಕವಾಗಿ ಘೋಷಿಸಿರಬೇಕು. ಘೋಷಣೆಯ ಪ್ರತಿ ಕೈಯಲ್ಲಿಲ್ಲದೆ ಆ ಮಾತು ಬರೆದ್ರೆ ಅರ್ಜಿಯೇ ಸಡಿಲ ಆಗುತ್ತೆ. ವಸತಿ ಪ್ರದೇಶದ ಮಿತಿ ಸಾಕು: ಬೆಳಗ್ಗೆ 6ರಿಂದ ರಾತ್ರಿ 10ರ ತನಕ 55 ಡೆಸಿಬೆಲ್, ರಾತ್ರಿ 45. ಅದಕ್ಕಿಂತ 10 ಅಥವಾ ಹೆಚ್ಚು ಡೆಸಿಬೆಲ್ ಮೀರಿದರೆ ಯಾರು ಬೇಕಾದರೂ ದೂರು ಕೊಡಬಹುದು. ಇದಕ್ಕೂ ಸುಲಭದ ಅಂಶ ಒಂದಿದೆ. ಶಬ್ದ ಮಾಲಿನ್ಯ ನಿಯಮ 2000ರ 5ನೇ ನಿಯಮದ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕೇ ಬೇಕು. "ರಾತ್ರಿ ಹತ್ತರ ಒಳಗೆ ಏನು ಹಾಕಿದ್ರೂ ನಡೆಯುತ್ತೆ" ಅನ್ನೋದು ಜನರ ತಪ್ಪು ತಿಳುವಳಿಕೆ. ಬ್ಯಾಟರಿಯ ಟ್ರಾಲಿ ಸ್ಪೀಕರ್ ಕೂಡ ಧ್ವನಿವರ್ಧಕವೇ.

11ನೇ ಕ್ರಾಸ್, ಸೌಂಡ್ ಇಂಜಿನಿಯರ್
ಅಳತೆ ಬಗ್ಗೆ ನಾನು ಬರೀತೀನಿ.

ಹನ್ನೆರಡು ಇಂಚಿನ ಟ್ರಾಲಿ ಸ್ಪೀಕರ್ ಜೋರು ಮಾಡಿದಾಗ ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ ಸಲೀಸಾಗಿ ಬರುತ್ತೆ. ಬಯಲಿನಲ್ಲಿ ದೂರ ಎರಡರಷ್ಟಾದ ಹಾಗೆಲ್ಲ 6 ಡೆಸಿಬೆಲ್ ಇಳಿಯುತ್ತೆ. ಹತ್ತು ಮೀಟರಿಗೆ 80, ನಲವತ್ತು ಮೀಟರಿಗೆ 68. ಪಾರ್ಕಿನ ಎದುರು ಸಾಲಿನ ಮನೆಗಳು ಹೆಚ್ಚುಕಡಿಮೆ ನಲವತ್ತು ಮೀಟರಿನಲ್ಲೇ ಇವೆ. ಕಾಂಪೌಂಡ್ ಗೋಡೆಗಳಿಗೆ ಬಡಿದು ವಾಪಸ್ ಬರೋ ಸದ್ದು ಸೇರಿದ್ರೆ ಇನ್ನೂ ಜಾಸ್ತಿ. ಅದೇ, ಗಟ್ಟಿ ದನಿಯಲ್ಲಿ ಮೈಕಿಲ್ಲದೆ ಮಾತಾಡಿದರೆ ಒಂದು ಮೀಟರಿಗೆ 75ರ ಆಸುಪಾಸು. ನಮ್ಮ ಕಿಟಕಿಗೆ ಬರೋ ಹೊತ್ತಿಗೆ 43. ಟ್ರಾಫಿಕ್ ಸದ್ದಿನಲ್ಲಿ ಅದು ಮುಳುಗಿಹೋಗುತ್ತೆ.

ಅವರು ವಾಲ್ಯೂಮ್ ಏರಿಸೋದಕ್ಕೆ ಕಾರಣ ಜಾಗದ ಆಯ್ಕೆ. ಬಸ್ ರಸ್ತೆಯ ಅಂಚಿನಲ್ಲಿ ವಾಹನಗಳ ಸದ್ದೇ 65-70 ಇರುತ್ತೆ, ಅದನ್ನು ಮೀರಿ ಕೇಳಿಸಬೇಕು. ಸ್ಪೀಕರ್ ನೆಲದ ಮೇಲಿಟ್ಟಿರ್ತಾರೆ, ಮುಂದೆ ನಿಂತವರ ಕಾಲುಗಳೇ ಸದ್ದು ತಡೀತವೆ, ಮತ್ತೆ ಏರಿಸ್ತಾರೆ. ಬಾಸ್ ಪೂರ್ತಿ ಹಾಕಿರ್ತಾರೆ. ಮಾತಿಗೆ ಬಾಸ್ ಬೇಕಾಗೇ ಇಲ್ಲ. ಗೋಡೆ ದಾಟಿ ಮನೆಯೊಳಗೆ ಬಂದು ತಲೆ ಗುಂಯ್ ಅನ್ನಿಸೋದು ಅದೇ.

ಮೈಕ್ ಬೇಕೇ ಬೇಕು ಅಂದ್ರೆ: ಸ್ಪೀಕರ್ ಸ್ಟ್ಯಾಂಡ್ ಮೇಲೆ, ಕೇಳೋರ ಕಿವಿ ಎತ್ತರಕ್ಕೆ, ಮುಖ ಪಾರ್ಕಿನ ಕಡೆ, ಬೆನ್ನು ಮನೆಗಳ ಕಡೆ, ಬಾಸ್ ಸೊನ್ನೆ, ಒಂದು ಮೀಟರಿಗೆ 80 ದಾಟಬಾರದು. ನಾಲ್ಕು ಮೀಟರಿನಲ್ಲಿ ನಿಂತವರಿಗೆ 68 ಸಿಗುತ್ತೆ, ಮನೆಗೆ 48 ಬರುತ್ತೆ. ರಸ್ತೆಯಿಂದ ದೂರ ಸರಿದರೆ ಅಷ್ಟೂ ಬೇಡ.

ಮೊಬೈಲ್ ಆ್ಯಪಿನ ಅಳತೆ ಅಂದಾಜಿಗೆ ಮಾತ್ರ, ಫೋನಿನಿಂದ ಫೋನಿಗೆ ವ್ಯತ್ಯಾಸ ಬರುತ್ತೆ. ಆದರೂ ಅರ್ಜಿಗೆ ಲಗತ್ತಿಸೋಕೆ ಬೇಕು. ಆ್ಯಪಿನ ಸೆಟ್ಟಿಂಗಿನಲ್ಲಿ 'ಎ' ವೇಟಿಂಗ್ (ನಮ್ಮ ಕಿವಿಗೆ ಕೇಳಿಸೋ ಹಾಗೆ ಅಳೆಯೋದು), 'ಸ್ಲೋ' (ಅಂಕಿ ನಿಧಾನವಾಗಿ ಬದಲಾಗೋದು) ಇಟ್ಟುಕೊಳ್ಳಿ. ಗೋಡೆಯಿಂದ ಒಂದು ಮೀಟರ್ ಈಚೆ, ಎದೆಯ ಎತ್ತರದಲ್ಲಿ ಹಿಡೀರಿ. ಸಭೆ ಶುರುವಾಗೋ ಮುಂಚೆ ಐದು ನಿಮಿಷ, ನಡೆಯುವಾಗ ಐದು ನಿಮಿಷದ ಸರಾಸರಿ ಬರ್ಕೊಳ್ಳಿ. ಮುಂಚಿನ ಅಳತೆ ಇಲ್ಲದಿದ್ರೆ "ಅದು ಟ್ರಾಫಿಕ್ ಸದ್ದು" ಅಂದುಬಿಡ್ತಾರೆ. ಎರಡರ ಮಧ್ಯೆ 10 ಡೆಸಿಬೆಲ್ ವ್ಯತ್ಯಾಸ ಇದ್ರೆ ಸದ್ದು ಸ್ಪೀಕರಿನದ್ದೇ ಅನ್ನೋದರಲ್ಲಿ ಅನುಮಾನ ಉಳಿಯಲ್ಲ.

3ನೇ ಕ್ರಾಸ್, ಚರ್ಚಿನ ಯೌವನಸ್ಥರ ಕೂಟದಲ್ಲಿರುವವರು
ಇವರು ನಮ್ಮ ಸಭೆಯವರಲ್ಲ (ಸಭೆ ಅಂದ್ರೆ ಒಂದು ಚರ್ಚಿಗೆ ಸೇರಿದವರು), ಆದರೆ ಬೀದಿ ಸುವಾರ್ತೆಯ ಕ್ರಮ ಗೊತ್ತಿರೋದರಿಂದ ಹೇಳ್ತೀನಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದಾಗಿನಿಂದ ಸಂತೆ, ಜಾತ್ರೆಗಳಲ್ಲಿ ನಿಂತು ಸಾರೋದು, ಕಿರುಹೊತ್ತಿಗೆ ಹಂಚೋದು ನಮ್ಮ ನಾಡಿನಲ್ಲಿ ನಡೆದು ಬಂದಿದೆ. ಮೈಕ್ ಅದಕ್ಕೆ ಈಚೆಗೆ ಸೇರಿದ್ದು.

ಮೊದಲು ಯಾರ ಹತ್ತಿರ ಮಾತಾಡಬೇಕು ಅನ್ನೋದು ಸರಿಯಾಗಬೇಕು. ಕ್ಯಾಥೊಲಿಕ್, ಸಿಎಸ್‌ಐ (ದಕ್ಷಿಣ ಭಾರತ ಸಭೆ), ಮೆಥೊಡಿಸ್ಟ್ ಸಭೆಗಳಿಗೆ ಬಿಷಪ್ ಇರ್ತಾರೆ, ಪತ್ರ ಬರೆದ್ರೆ ಕೆಳಗೆ ಇಳಿಯುತ್ತೆ. ಸ್ವತಂತ್ರ ಪೆಂಟೆಕೋಸ್ಟಲ್ ಸಭೆಗಳಲ್ಲಿ ಆಯಾ ಪಾಸ್ಟರೇ ಕೊನೆಯ ಮಾತು. ಅಂಥವರ ಬಗ್ಗೆ ನಮ್ಮ ಮೈಸೂರಿನ ಕ್ಯಾಥೊಲಿಕರ ಸಂತ ಫಿಲೋಮಿನಾ ಚರ್ಚಿಗೆ ಹೋಗಿ ಹೇಳಿದ್ರೆ ಅವರಿಗೂ ಮುಜುಗರ, ನಮಗೂ ಕೆಲಸ ಆಗಲ್ಲ. ಕರಪತ್ರದ ಹಿಂಬದಿಯಲ್ಲಿ ಸಭೆಯ ಹೆಸರು, ಭಾನುವಾರದ ಆರಾಧನೆಯ ವಿಳಾಸ ಸಾಮಾನ್ಯವಾಗಿ ಇರುತ್ತೆ. ಅಲ್ಲಿಗೆ ವಾರದ ದಿನ ಹೋಗಿ ಪಾಸ್ಟರನ್ನು ಕಾಣಿ. ಶನಿವಾರ ಬೋಧನೆ ನಡೆಯುವಾಗ, ಹುಡುಗರ ಎದುರಿಗೆ ಹೋಗಿ ಕೇಳಬೇಡಿ. ಅಲ್ಲಿರೋರು ಇಪ್ಪತ್ತು ಇಪ್ಪತ್ತೆರಡರ ಸ್ವಯಂಸೇವಕರು, ತೀರ್ಮಾನ ತಗೊಳ್ಳೋ ಅಧಿಕಾರ ಅವರಿಗಿರಲ್ಲ. ಜನ ಸೇರಿದ ಕಡೆ ಹೋಗಿ ತಡೆದರೆ ಅದನ್ನು ಹಿಂಸೆ ಅಂತಲೇ ಭಾವಿಸ್ತಾರೆ.

ಏನು ಕೇಳಬಹುದು ಅಂತಲೂ ಹೇಳ್ತೀನಿ. ಎರಡು ಗಂಟೆ ಬೇಕಿಲ್ಲ. ಬಸ್ಸಿಗೆ ಕಾಯೋ ವಿದ್ಯಾರ್ಥಿ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಲ್ಲ. ಎರಡು ಹಾಡು, ಒಂದು ಸಾಕ್ಷಿ, ಏಳೆಂಟು ನಿಮಿಷದ ಸಂದೇಶ, ಒಟ್ಟು ನಲವತ್ತು ನಿಮಿಷದಲ್ಲಿ ಮುಗಿಯುತ್ತೆ. ಬೋಧಕರು ಸರದಿ ಬದಲಾಯಿಸಿದ್ರೆ ಗಂಟಲೂ ಕಟ್ಟಲ್ಲ, ಮೈಕಿನ ಆಸೆಯೂ ಕಡಿಮೆಯಾಗುತ್ತೆ. ಕರಪತ್ರವನ್ನು ಕೈ ಚಾಚಿದವರಿಗೆ ಮಾತ್ರ ಕೊಡೋದು. ಸೀಟಿನ ಮೇಲೆ, ಸ್ಕೂಟರ್ ಹ್ಯಾಂಡಲಿಗೆ ಸಿಕ್ಕಿಸಿ ಹೋಗೋದು ಬೇಡ. ಕೊನೆಗೆ ಇಬ್ಬರು ಚೀಲ ಹಿಡಿದು ಐವತ್ತು ಮೀಟರ್ ಸುತ್ತ ಬಿದ್ದದ್ದನ್ನು ಆರಿಸಬೇಕು. ದೇವರ ವಾಕ್ಯ ಕಾಲಿಗೆ ಸಿಕ್ಕಿ ಒದ್ದಾಡೋದು ನಮಗೇ ನೋವಿನ ವಿಷಯ, ಪಾಸ್ಟರು ಖಂಡಿತ ಒಪ್ತಾರೆ.

9ನೇ ಕ್ರಾಸ್, ಪೋಷಕರು
ಫೋನ್ ನಂಬರ್ ವಿಷಯ ಯಾರೂ ಹೇಳಲಿಲ್ಲ. ನನಗೆ ಸದ್ದಿಗಿಂತ ಅದೇ ದೊಡ್ಡದು.

6ನೇ ಕ್ರಾಸ್, ಪಿಯು ಉಪನ್ಯಾಸಕರು
ಒಪ್ತೀನಿ ಮೇಡಂ. ಪಿಯು ಮಕ್ಕಳಲ್ಲಿ ಬಹುಪಾಲು ಹದಿನೆಂಟರ ಒಳಗಿನವರು. "ಪ್ರಾರ್ಥನೆ ಬೇಕಾ?" ಅಂತ ಕೇಳಿ, ಕ್ಯೂಆರ್ ಸ್ಕ್ಯಾನ್ ಮಾಡಿಸಿ ಹೆಸರು, ನಂಬರ್, ಕಾಲೇಜು ತುಂಬಿಸ್ತಾರೆ. ಪರೀಕ್ಷೆ ಹತ್ತಿರ ಇದ್ದಾಗ, ಮನೆಯಿಂದ ದೂರ ಹಾಸ್ಟೆಲಿನಲ್ಲಿ ಇದ್ದಾಗ ಮಕ್ಕಳು ಯಾರು ಅಕ್ಕರೆಯಿಂದ ಮಾತಾಡಿಸಿದ್ರೂ ನಂಬರ್ ಕೊಟ್ಟುಬಿಡ್ತಾರೆ. ಇದು ಕೋಚಿಂಗ್ ಸೆಂಟರಿನವರಿಗೂ, ಬೇರೆ ಯಾವ ಸಂಘಟನೆಗೂ ಅನ್ವಯಿಸೋ ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಹದಿನೆಂಟರ ಒಳಗಿನವರೆಲ್ಲ ಮಕ್ಕಳೇ. ಅವರ ಮಾಹಿತಿ ತಗೊಳ್ಳೋಕೆ ಪೋಷಕರ ಒಪ್ಪಿಗೆ ಬೇಕು ಅನ್ನುತ್ತೆ. ಕಾಯ್ದೆ ಹಂತ ಹಂತವಾಗಿ ಜಾರಿಗೆ ಬರ್ತಿದೆ, ಆದರೆ ಪಾಸ್ಟರ್ ಮುಂದೆ ಇಡೋಕೆ ಈ ಮಾತು ಸಾಕು.

ಅವರನ್ನು ಕೇಳಬೇಕಾದ್ದು: ನಂಬರ್ ತಗೊಳ್ಳೋ ಬದಲು ತಮ್ಮ ವಿಳಾಸದ ಕಾರ್ಡ್ ಕೊಡಲಿ, ಬೇಕಾದ ಮಗು ಮನೆಯಲ್ಲಿ ಹೇಳಿ ತಾನೇ ಕರೆ ಮಾಡಲಿ. ಅಪ್ರಾಪ್ತರನ್ನು ಒಬ್ಬೊಬ್ಬರಾಗಿ ಪಕ್ಕಕ್ಕೆ ಕರೆದುಕೊಂಡು ಹೋಗಬಾರದು, ಗಾಡಿ ಹತ್ತಿಸಬಾರದು, ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಬಾರದು. ಕಾಯಿಲೆಗೆ ಮಾತ್ರೆ ಬಿಡಿ ಅನ್ನೋ ಮಾತು ಬರಬಾರದು. ಇತ್ತ ನಾವು ಮನೆಯಲ್ಲಿ ಮಕ್ಕಳ ಮೇಲೆ ರೇಗೋದೂ ಬೇಡ. "ಏನು ಹೇಳಿದ್ರು? ನಿನಗೇನನ್ನಿಸ್ತು?" ಅಂತ ಕೇಳಿ. ಬೈದರೆ ಮುಂದಿನ ಸಲ ಮುಚ್ಚಿಡ್ತಾರೆ.

7ನೇ ಕ್ರಾಸ್, ವಕೀಲರು
ಇದಕ್ಕೆ ಒಂದು ಸೇರಿಸ್ತೀನಿ, 3ನೇ ಕ್ರಾಸ್ ಸರ್ ಆ ಸಭೆಯವರಿಗೆ ತಿಳಿಸಿದ್ರೆ ಅವರಿಗೇ ಒಳ್ಳೇದು. 2022ರ ಕಾಯ್ದೆಯಲ್ಲಿ 'ಆಮಿಷ'ದ ಅರ್ಥ ತುಂಬ ಅಗಲ. ಉಡುಗೊರೆ, ಹಣ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆ ಕಾಲೇಜಿನಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನದ ಭರವಸೆ, ದೇವರ ಕೋಪದ ಭಯ, ಇನ್ನೊಂದು ಧರ್ಮದ ಆಚರಣೆಯನ್ನು ಹೀಗಳೆಯೋದು, ಎಲ್ಲ ಬರುತ್ತೆ. ಬೋಧನೆಯ ಜೊತೆಗೇ ಉಚಿತ ಗಿಟಾರ್ ಕ್ಲಾಸು, ಉಚಿತ ಟ್ಯೂಷನ್ ಅಂತ ಚೀಟಿ ಹಂಚೋದು ಅಪಾಯಕ್ಕೆ ಬಾಗಿಲು ತೆಗೆದ ಹಾಗೆ. ಮತಾಂತರಕ್ಕೆ ಒಳಗಾದವರು ಅಪ್ರಾಪ್ತರು, ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರಾದರೆ ಶಿಕ್ಷೆ 3ರಿಂದ 10 ವರ್ಷ. ವಿದೇಶಿ ಯುವಕರು ಪ್ರವಾಸಿ ವೀಸಾದಲ್ಲಿ ಬಂದು ಬೋಧನೆ ಮಾಡೋದು, ಕರಪತ್ರ ಹಂಚೋದು ವೀಸಾ ಷರತ್ತಿನ ಉಲ್ಲಂಘನೆ. ಆರಾಧನೆಗೆ ಹೋಗಿ ಕೂರಬಹುದು, ಅಷ್ಟೇ.

8ನೇ ಕ್ರಾಸ್
ಮುಂದಿನ ಶನಿವಾರ ನಮ್ಮ ಏರಿಯಾ ಹುಡುಗರು ಇಪ್ಪತ್ತು ಜನ ಹೋಗಿ ನಿಂತ್ಕೊಂಡ್ರೆ ಆಯ್ತು, ಅರ್ಜಿ ಗಿರ್ಜಿ ಯಾಕೆ?

7ನೇ ಕ್ರಾಸ್, ವಕೀಲರು
ದಯವಿಟ್ಟು ಬೇಡ. ದಾರಿ ತಡೆದು ನಿಲ್ಲಿಸಿದ್ರೆ ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಮು, ಕೈ ಮಾಡಿದ್ರೆ 115, ಕಾನೂನುಬದ್ಧ ಧಾರ್ಮಿಕ ಕೂಟಕ್ಕೆ ಅಡ್ಡಿ ಮಾಡಿದ್ರೆ 300. ಬೈಬಲ್ ಕಿತ್ತು ಹರಿದ್ರೆ 299ರ ತನಕ ಹೋಗಬಹುದು. ಆ ಹುಡುಗರಲ್ಲಿ ಓದೋರಿದ್ದಾರೆ, ಪಾಸ್‌ಪೋರ್ಟಿಗೆ, ಸರ್ಕಾರಿ ಕೆಲಸಕ್ಕೆ ಪೊಲೀಸ್ ಪರಿಶೀಲನೆ ಬಂದಾಗ ಈ ಕೇಸು ಎದುರಿಗೆ ನಿಲ್ಲುತ್ತೆ. ಗಲಾಟೆ ಆಗೋ ಸೂಚನೆ ಕಂಡ್ರೆ 112ಕ್ಕೆ ಕರೆ ಮಾಡಿ.

ಸಂಘದ ಕಾರ್ಯದರ್ಶಿ, 2ನೇ ಕ್ರಾಸ್
8ನೇ ಕ್ರಾಸಿನವರೇ, ಸಂಘದ ಹೆಸರಿನಲ್ಲಿ ಯಾರೂ ಹಾಗೆ ಹೋಗೋ ಹಾಗಿಲ್ಲ. ಇದನ್ನು ಸ್ಪಷ್ಟವಾಗಿ ಬರೀತಿದ್ದೀನಿ.

ಭಾನುವಾರ ಮಂಡಿಸೋ ಕರಡು ಹೀಗಿದೆ. ಈ ಶನಿವಾರ 11ನೇ ಕ್ರಾಸ್ ಸರ್ ಮತ್ತು ಇನ್ನಿಬ್ಬರು ಮೂರು ಮನೆಗಳಿಂದ ಅಳತೆ ತಗೊಳ್ತಾರೆ, ದಿನಾಂಕ ಸಮಯ ಸಮೇತ. ಮಕ್ಕಳ ಮುಖ ಬರೋ ವಿಡಿಯೋ ತೆಗೆಯಬಾರದು, ಗುಂಪಿಗೆ ಹಾಕಬಾರದು. ಬುಧವಾರ 3ನೇ ಕ್ರಾಸ್ ಸರ್, ಉಪನ್ಯಾಸಕರು, ನಾನು ಪಾಸ್ಟರನ್ನು ಕಾಣ್ತೀವಿ. ಕೋರಿಕೆಗಳು ಒಂದು ಪುಟದಲ್ಲಿ: ಮೈಕಿಲ್ಲದೆ, ಅಥವಾ ಅನುಮತಿ ಪತ್ರ ಮತ್ತು ಒಂದು ಮೀಟರಿಗೆ 80 ಡೆಸಿಬೆಲ್ ಮಿತಿಯೊಂದಿಗೆ, ನಲವತ್ತು ನಿಮಿಷ, ಬಸ್ ಸ್ಟಾಪ್ ಬಿಟ್ಟು ಪಾರ್ಕಿನ ಹಿಂದಿನ ಗೇಟಿನ ಅಗಲವಾದ ಜಾಗ, ಫುಟ್‌ಪಾತಿನಲ್ಲಿ ವೀಲ್‌ಚೇರ್ ಹೋಗುವಷ್ಟು ದಾರಿ, ಕರಪತ್ರ ಆರಿಸೋದು, ಅಪ್ರಾಪ್ತರ ನಂಬರ್ ಬೇಡ. ಎರಡು ಶನಿವಾರ ನೋಡ್ತೀವಿ. ಸರಿಹೋಗದಿದ್ರೆ ಅಳತೆಯ ಪಟ್ಟಿ ಲಗತ್ತಿಸಿ ಠಾಣೆಗೆ ಅರ್ಜಿ, ಪ್ರತಿ ಎಸಿಪಿ ಕಚೇರಿಗೆ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ ಮೈಸೂರು ಕಚೇರಿಗೆ. ಸ್ವೀಕೃತಿ ಮೊಹರು ಹಾಕಿಸಿಕೊಂಡೇ ಬರಬೇಕು.

5ನೇ ಕ್ರಾಸ್, ಹಿರಿಯರು
ಅರ್ಜಿಯಲ್ಲಿ 'ಕ್ರೈಸ್ತ', 'ಮತಾಂತರ' ಅನ್ನೋ ಪದ ಬೇಡಪ್ಪ. "ಅನುಮತಿಯಿಲ್ಲದ ಧ್ವನಿವರ್ಧಕ" ಅಂತಿರಲಿ.

7ನೇ ಕ್ರಾಸ್, ವಕೀಲರು
ಸರಿಯಾಗಿ ಹೇಳಿದ್ರಿ ಅಂಕಲ್. ಹಾಗೇ ಬರೀತೀನಿ.

11ನೇ ಕ್ರಾಸ್, ಸೌಂಡ್ ಇಂಜಿನಿಯರ್
ನಮ್ಮ ಗಣೇಶನ ಪೆಂಡಾಲಿಗೂ, ರಾಜ್ಯೋತ್ಸವದ ಆರ್ಕೆಸ್ಟ್ರಾಗೂ ಇದೇ ಅಳತೆ ಹಾಕಬೇಕು ಸರ್. ಪಾಸ್ಟರ್ ಮೊದಲು ಕೇಳೋ ಪ್ರಶ್ನೆ ಅದೇ. ಪೆಂಡಾಲಿನ ಅನುಮತಿ ಪತ್ರದ ಪ್ರತಿ ಸಂಘದ ಫೈಲಿನಲ್ಲಿ ಇದೆಯಾ?

ಸಂಘದ ಕಾರ್ಯದರ್ಶಿ, 2ನೇ ಕ್ರಾಸ್
ಹಿಂದಿನ ವರ್ಷದ್ದಿದೆ. ಈ ವರ್ಷದ ಅರ್ಜಿಯನ್ನು ಇದೇ ವಾರ ಕೊಡ್ತೀನಿ, 80ರ ಮಿತಿ ಅದರಲ್ಲೂ ಬರೆದೇ ಕೊಡ್ತೀನಿ. ಶನಿವಾರ ಅಳತೆಗೆ 4ನೇ ಮತ್ತು 10ನೇ ಕ್ರಾಸಿನಿಂದ ಒಬ್ಬೊಬ್ಬರು ಬೇಕು, ಐದು ಗಂಟೆಗೆ ಪಾರ್ಕಿನ ಹಿಂದಿನ ಗೇಟಿಗೆ ಬನ್ನಿ.

9ನೇ ಕ್ರಾಸ್, ಪೋಷಕರು
10ನೇ ಕ್ರಾಸಿನ ಬದಲು ನಾನು ಬರ್ತೀನಿ. ಬುಧವಾರ ಪಾಸ್ಟರ್ ಹತ್ತಿರ ಹೋಗುವಾಗಲೂ ಒಬ್ಬ ತಾಯಿ ಜೊತೆಗಿರಬೇಕು, ನಂಬರ್ ವಿಷಯ ನಾನೇ ಹೇಳ್ತೀನಿ.