ಜ್ವರ ಬಂದದ್ದು ಸೂರ್ಯ ದೂರ ಹೋದದ್ದಕ್ಕಲ್ಲ

ಗುಂಪು: ನಮ್ಮನೆ ಬಳಗ
ಜುಲೈ ಮೊದಲ ವಾರ, ಭಾನುವಾರ ಬೆಳಿಗ್ಗೆ

ಸಾಗರದ ದೊಡ್ಡಪ್ಪ: (ಫಾರ್ವರ್ಡ್ ಮಾಡಿದ್ದು) ನಾಳೆ ಬೆಳಗಿನ ಜಾವದಿಂದ ಅಫೀಲಿಯನ್ ಶುರು. ಭೂಮಿಗೂ ಸೂರ್ಯನಿಗೂ ಮಾಮೂಲಿ ದೂರ 9 ಕೋಟಿ ಕಿ.ಮೀ., ಈಗ 15.2 ಕೋಟಿ ಆಗುತ್ತದೆ. ಆಗಸ್ಟ್ ತನಕ ಹಿಂದೆಂದೂ ಇಲ್ಲದ ಚಳಿ. ಮೈಕೈ ನೋವು, ಜ್ವರ, ಕೆಮ್ಮು ಬರುತ್ತದೆ. ಎಲ್ಲರಿಗೂ ತಿಳಿಸಿ.

ಸೊರಬದ ಅತ್ತೆ: ಅಯ್ಯೋ, ಅದಕ್ಕೇ ಎರಡು ದಿನದಿಂದ ಕಂಬಳಿ ಬಿಟ್ಟು ಏಳಲು ಆಗುತ್ತಿಲ್ಲ 🙏

ಸಾಗರದ ದೊಡ್ಡಪ್ಪ: ನಿಮ್ಮ ದೊಡ್ಡಮ್ಮನಿಗೂ ಮೂರು ದಿನದಿಂದ ಜ್ವರ. ಕಣ್ಣಿನ ಹಿಂದೆಲ್ಲ ನೋವು ಅಂತಾಳೆ. ಕಾರಣ ಈಗ ಗೊತ್ತಾಯಿತು. ಕಷಾಯ ಕೊಡುತ್ತಿದ್ದೇನೆ.

ನಾನು: ದೊಡ್ಡಪ್ಪ, ದೊಡ್ಡಮ್ಮನಿಗೆ ಇವತ್ತೇ ರಕ್ತ ಪರೀಕ್ಷೆ ಮಾಡಿಸಿ. ಈ ಮೆಸೇಜ್ ಪ್ರತಿ ವರ್ಷ ಬರುತ್ತದೆ, ಇದು ಸುಳ್ಳು.

ಸಾಗರದ ದೊಡ್ಡಪ್ಪ: ಏನು ಸುಳ್ಳು? ಅಫೀಲಿಯನ್ ಅನ್ನುವುದೇ ಇಲ್ಲವಾ?

ನಾನು: ಅದು ಇದೆ. ಪ್ರತಿ ವರ್ಷ ಜುಲೈ 3ರಿಂದ 6ರ ಆಸುಪಾಸಿನಲ್ಲಿ ಭೂಮಿ ಸೂರ್ಯನಿಂದ ಅತಿ ದೂರ ಇರುತ್ತದೆ, ಸುಮಾರು 15.2 ಕೋಟಿ ಕಿ.ಮೀ. ಆ ಅಂಕಿ ಸರಿ. ಆದರೆ ಮಾಮೂಲಿ ದೂರ 9 ಕೋಟಿ ಅಲ್ಲ, ಸುಮಾರು 15 ಕೋಟಿ. ಜನವರಿ ಮೊದಲ ವಾರ ಅತಿ ಹತ್ತಿರ ಇದ್ದಾಗಲೂ 14.7 ಕೋಟಿ. ನಿಜವಾಗಿ 9ರಿಂದ 15.2ಕ್ಕೆ ಹೋಗಿದ್ದರೆ ಬಿಸಿಲು ಮೂರನೇ ಒಂದು ಭಾಗಕ್ಕೆ ಇಳಿಯಬೇಕಿತ್ತು, ಸೂರ್ಯನೂ ಚಿಕ್ಕದಾಗಿ, ಹತ್ತರಲ್ಲಿ ಆರು ಪಾಲಿನಷ್ಟು ಅಗಲ ಮಾತ್ರ ಕಾಣಬೇಕಿತ್ತು. ಯಾರಾದರೂ ನೋಡಿದ್ದಾರಾ?

ಸಾಗರದ ದೊಡ್ಡಪ್ಪ: ದೂರ ಅಂತೂ ಆಯಿತಲ್ಲ ಕೂಸೇ. ಬಚ್ಚಲ ಒಲೆಯಿಂದ ದೂರ ಕೂತರೆ ಚಳಿ ಆಗುವುದಿಲ್ಲವಾ?

ನಾನು: ಆಗುತ್ತದೆ. ಎಷ್ಟು ದೂರ ಅನ್ನುವುದು ಮುಖ್ಯ. ಒಲೆಯಿಂದ ಹತ್ತು ಅಡಿ ದೂರದಲ್ಲಿ ಮಣೆ ಹಾಕಿ ಕೂತಿದ್ದೀರಿ ಅಂದುಕೊಳ್ಳಿ. ಭೂಮಿ ವರ್ಷವಿಡೀ ಮಾಡುವುದು ಆ ಮಣೆಯನ್ನು ಎರಡು ಇಂಚು ಹಿಂದೆ, ಎರಡು ಇಂಚು ಮುಂದೆ ಸರಿಸಿದ ಹಾಗೆ. ಜನವರಿಗೆ ಹೋಲಿಸಿದರೆ ಜುಲೈಯಲ್ಲಿ ಇಡೀ ಭೂಮಿಗೆ ತಲುಪುವ ಬಿಸಿಲು ಸುಮಾರು ಶೇಕಡ 7ರಷ್ಟು ಕಡಿಮೆ, ಅದು ನಿಜ. ಆದರೆ ಚಳಿ ಸೆಕೆ ತರುವುದು ಅದಲ್ಲ.

ಮೆಲ್ಬರ್ನ್ ಅಕ್ಕ: ಇಲ್ಲಿ ಈಗ ಗಡಗಡ ಚಳಿ. ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಮಂಜು ಗಟ್ಟಿಯಾಗಿತ್ತು.

ಸಾಗರದ ದೊಡ್ಡಪ್ಪ: ನೋಡು! ಅವಳೇ ಹೇಳಿದಳು.

ದೆಹಲಿ ಚಿಕ್ಕಪ್ಪ: ಅಣ್ಣಾ, ಇಲ್ಲಿ ಫ್ಯಾನ್ ಕೆಳಗೆ ಕೂತರೂ ಬೆವರು ಸುರಿಯುತ್ತಿದೆ 😓

ನಾನು: ಅದೇ ವಿಷಯ. ಭೂಮಿ ದೂರ ಹೋದರೆ ಇಡೀ ಭೂಮಿ ದೂರ ಹೋಗುತ್ತದೆ, ಮೆಲ್ಬರ್ನ್ ಒಂದೇ ಹೋಗುವುದಿಲ್ಲ. ಅಲ್ಲಿ ಚಳಿ, ದೆಹಲಿಯಲ್ಲಿ ಸೆಕೆ ಅಂದರೆ ಕಾರಣ ಬೇರೆ ಇರಲೇಬೇಕು, ಅಲ್ವಾ? ಭೂಮಿ 23.5 ಡಿಗ್ರಿ ವಾಲಿಕೊಂಡೇ ಸೂರ್ಯನನ್ನು ಸುತ್ತುತ್ತದೆ. ಈಗ ನಮ್ಮ ಉತ್ತರದ ಅರ್ಧ ಸೂರ್ಯನ ಕಡೆ ವಾಲಿದೆ, ಅಕ್ಕನ ಕಡೆ ಬಿಸಿಲು ಓರೆಯಾಗಿ ಬೀಳುತ್ತದೆ, ಹಗಲೂ ಚಿಕ್ಕದು.

ನಮ್ಮ ಅಂಗಳದಲ್ಲೇ ನೋಡಬಹುದು. ಡಿಸೆಂಬರ್ ಕೊನೆಯಲ್ಲಿ ಆರು ಅಡಿ ಗಳು ನೆಟ್ಟರೆ ನಡು ಮಧ್ಯಾಹ್ನವೂ ನಾಲ್ಕೂವರೆ ಅಡಿ ನೆರಳು ಬೀಳುತ್ತದೆ. ಏಪ್ರಿಲ್ ಕೊನೆಯ ವಾರ ಹನ್ನೆರಡೂವರೆಯ ಹೊತ್ತಿಗೆ ಅದೇ ಗಳುವಿನ ನೆರಳು ಬುಡದಲ್ಲೇ ಮಾಯ. ಓರೆ ಬಿಸಿಲು ಜಾಸ್ತಿ ಜಾಗಕ್ಕೆ ಹರಡಿಕೊಳ್ಳುತ್ತದೆ, ನೆತ್ತಿಯ ಬಿಸಿಲು ಒಂದೇ ಕಡೆ ಸುಡುತ್ತದೆ. ಸೂರ್ಯ ಅತಿ ಹತ್ತಿರ ಇರುವ ಜನವರಿಯಲ್ಲೇ ಅಲ್ವಾ ನಾವು ಬೆಳಿಗ್ಗೆ ಬೆಂಕಿ ಹಾಕಿ ಮೈ ಕಾಯಿಸಿಕೊಳ್ಳುವುದು?

ಸೊರಬದ ಅತ್ತೆ: ಮತ್ತೆ ನಮಗೆ ಈಗ ಯಾಕೆ ಥಂಡಿ?

ನಾನು: ಮಳೆಗಾಲ ಅತ್ತೆ. ಮೋಡ ಬಿಸಿಲನ್ನು ಮೇಲೇ ತಡೆದು ವಾಪಸ್ ಕಳಿಸುತ್ತದೆ, ನೆಲ ಒದ್ದೆ, ಗಾಳಿ ಒದ್ದೆ. ಮೋಡ ಹತ್ತು ನಿಮಿಷ ಸರಿದರೆ ಸಾಕು, ಬಿಸಿಲು ಹೇಗೆ ಚುರುಕ್ ಅನ್ನುತ್ತದೆ ನೋಡಿ. ಇನ್ನೊಂದು ವಿಷಯ ಕೇಳಿ, ನನಗೆ ಬಹಳ ಇಷ್ಟವಾದದ್ದು. ಸೂರ್ಯನಿಂದ ಅತಿ ದೂರ ಇರುವ ಜುಲೈಯಲ್ಲೇ ಇಡೀ ಭೂಮಿಯ ಸರಾಸರಿ ಉಷ್ಣತೆ ಜನವರಿಗಿಂತ ಜಾಸ್ತಿ, ಎರಡು ಡಿಗ್ರಿಗೂ ಮೇಲೆ. ಯಾಕೆಂದರೆ ಉತ್ತರದ ಅರ್ಧದಲ್ಲಿ ನೆಲ ಜಾಸ್ತಿ, ದಕ್ಷಿಣದಲ್ಲಿ ಸಮುದ್ರ ಜಾಸ್ತಿ. ಮಲ್ಪೆಯಲ್ಲಿ ಮಧ್ಯಾಹ್ನ ಮರಳಿನ ಮೇಲೆ ಕಾಲಿಡಲು ಆಗದೆ ನೀರಿಗೆ ಓಡಿದ್ದೆವಲ್ಲ? ಅದೇ ಬಿಸಿಲಿಗೆ ಮರಳು ಸುಡುತ್ತಿತ್ತು, ನೀರು ತಂಪಾಗಿತ್ತು.

ಸಾಗರದ ದೊಡ್ಡಪ್ಪ: ಇಷ್ಟು ಜನ ಕಳಿಸಿದ್ದೆಲ್ಲ ಸುಳ್ಳು, ನೀನು ಓದಿದ್ದು ಮಾತ್ರ ನಿಜ. ದೂರ ಆಗಿದ್ದೇ ಗೊತ್ತಾಗುವುದಿಲ್ಲ ಅನ್ನುವುದಾದರೆ ಅದು ಇದೆ ಅಂತ ನಿನಗೆ ಹೇಗೆ ಗೊತ್ತು?

ನಾನು: ನಿಮ್ಮ ಪಂಚಾಂಗದಲ್ಲೇ ಇದೆ ದೊಡ್ಡಪ್ಪ. ಪ್ರತಿ ರಾಶಿಯೂ 30 ಡಿಗ್ರಿ. ಆದರೆ ಸಂಕ್ರಮಣದಿಂದ ಸಂಕ್ರಮಣಕ್ಕೆ ದಿನ ಎಣಿಸಿ. ಧನುರ್ಮಾಸ ಎಷ್ಟು ದಿನ, ಮಿಥುನ ಮಾಸ ಎಷ್ಟು ದಿನ?

(ಹದಿನೈದು ನಿಮಿಷ ಯಾರೂ ಏನೂ ಬರೆಯಲಿಲ್ಲ.)

ಸಾಗರದ ದೊಡ್ಡಪ್ಪ: ಧನು 29. ಮಿಥುನ 31 ಚಿಲ್ಲರೆ. ಧನುರ್ಮಾಸ ಚಿಕ್ಕದು ಅಂತ ಮೊದಲಿಂದಲೂ ಗೊತ್ತು, ಯಾಕೆ ಅಂತ ಕೇಳಿಕೊಂಡಿರಲಿಲ್ಲ.

ನಾನು: ಹತ್ತಿರ ಇದ್ದಾಗ ಭೂಮಿ ಬೇಗ ಓಡುತ್ತದೆ, ದೂರ ಇದ್ದಾಗ ನಿಧಾನ. 1609ರಲ್ಲಿ ಕೆಪ್ಲರ್ ಪ್ರಕಟಿಸಿದ ನಿಯಮ ಇದೇ, ಹೈಸ್ಕೂಲಿನಲ್ಲಿ ನಾವು ಬಾಯಿಪಾಠ ಮಾಡಿದ್ದು. ದಿನಗಳ ಲೆಕ್ಕ ಮಾತ್ರ ಅದಕ್ಕಿಂತ ಎಷ್ಟೋ ಮೊದಲೇ ನಮ್ಮ ಜ್ಯೋತಿಷಿಗಳ ಕೈಯಲ್ಲಿತ್ತು. ಅಫೀಲಿಯನ್ ಹೊಸ ಗಂಡಾಂತರ ಅಲ್ಲ, ನೀವು ಹುಟ್ಟಿದಾಗಿನಿಂದ ಪ್ರತಿ ಮಿಥುನದಲ್ಲೂ ಆಗಿದೆ.

ಮೆಲ್ಬರ್ನ್ ಅಕ್ಕ: ಇರಲಿ ಬಿಡೇ, ಒಂದು ಮೆಸೇಜಿಗೆ ಬೆಳಿಗ್ಗೆಯಿಂದ ಇಷ್ಟು ಹಟ ಯಾಕೆ? ದೊಡ್ಡವರು, ಬೇಜಾರಾಗುತ್ತದೆ.

ನಾನು: ಅಕ್ಕಾ, ದೂರದ ಲೆಕ್ಕ ತಪ್ಪಿದ್ದರೆ ಬಿಡುತ್ತಿದ್ದೆ. ಜ್ವರಕ್ಕೆ ಇದೇ ಕಾರಣ ಅಂತ ಬರೆದಿದ್ದಾರಲ್ಲ, ಅದನ್ನು ಬಿಡಲು ಆಗುವುದಿಲ್ಲ. ಜುಲೈ ನಮ್ಮ ಕಡೆ ಡೆಂಗಿ ಕಾಲ. 2024ರಲ್ಲಿ ಸರ್ಕಾರವೇ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತ್ತು. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ಎಲ್ಲದರಲ್ಲೂ ನೀರು ನಿಂತಿರುತ್ತದೆ, ಡೆಂಗಿ ಹರಡುವ ಸೊಳ್ಳೆ ಅಲ್ಲೇ ಮೊಟ್ಟೆ ಇಡುತ್ತದೆ, ಕಚ್ಚುವುದೂ ಹಗಲು ಹೊತ್ತಿನಲ್ಲಿ. ಕಣ್ಣಿನ ಹಿಂದೆ ನೋವು, ಮೂರು ದಿನದ ಜ್ವರ ಅಂದರೆ ಸುಮ್ನೆ ಕೂರಬಾರದು. ಜ್ವರ ಇಳಿದ ಮೇಲೇ ಕೆಲವರಿಗೆ ಪ್ಲೇಟ್‌ಲೆಟ್ ಬಿದ್ದು ಕಷ್ಟ ಆಗುತ್ತದೆ. ಅಫೀಲಿಯನ್ ಮುಗಿದರೆ ಸರಿಹೋಗುತ್ತದೆ ಅಂತ ಆಗಸ್ಟ್ ತನಕ ಕಾಯುವುದಾ?

ಸೊರಬದ ಅತ್ತೆ: ಅತ್ತಿಗೆ ಊಟ ಮಾಡುತ್ತಿದ್ದಾರಾ ಅಣ್ಣ?

ಸಾಗರದ ದೊಡ್ಡಪ್ಪ: ಗಂಜಿ ಅಷ್ಟೇ. ಸೇರುತ್ತಿಲ್ಲ ಅಂತಾಳೆ. ಮೊನ್ನೆಯ ನೋವಿನ ಮಾತ್ರೆ ಒಂದು ಉಳಿದಿದೆ, ಕೊಟ್ಟು ಕರೆದುಕೊಂಡು ಹೋಗಲಾ?

ನಾನು: ಬೇಡ ಬೇಡ. ಬ್ರುಫೆನ್, ಆಸ್ಪಿರಿನ್ ಯಾವುದೂ ಬೇಡ, ಡೆಂಗಿ ಇದ್ದರೆ ರಕ್ತ ಸೋರುವ ಅಪಾಯ ಜಾಸ್ತಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಅದೂ ಹೇಳಿದಷ್ಟೇ. ಎಳನೀರು, ಗಂಜಿ ತಿಳಿ ಕುಡಿಸುತ್ತಾ ಇರಿ. ಡಾಕ್ಟರಿಗೆ ಡೆಂಗಿ ಪರೀಕ್ಷೆ, ಪ್ಲೇಟ್‌ಲೆಟ್ ಎರಡೂ ಕೇಳಿ.

ಸಾಗರದ ದೊಡ್ಡಪ್ಪ: ಆಟೋದವನಿಗೆ ಫೋನ್ ಮಾಡಿದೆ, ಹತ್ತು ನಿಮಿಷ ಅಂದ. ಆ ಮೆಸೇಜ್ ಇಲ್ಲಿ ಅಳಿಸಿದೆ. ಸೊಸೈಟಿ ಗುಂಪಿಗೂ ಹಾಕಿದ್ದೆ, ಅಲ್ಲಿ ಅಳಿಸುವುದು ಹೇಗೆ?

ನಾನು: ಅಲ್ಲಿ ಅಳಿಸಬೇಡಿ ದೊಡ್ಡಪ್ಪ. ಅದರ ಕೆಳಗೇ ಧನುರ್ಮಾಸದ ಲೆಕ್ಕ ಬರೆಯಿರಿ, ಜ್ವರ ಬಂದರೆ ಪರೀಕ್ಷೆ ಮಾಡಿಸಿ ಅಂತಲೂ ಬರೆಯಿರಿ. ನೀವು ಬರೆದರೆ ಕೇಳುತ್ತಾರೆ. ಆಸ್ಪತ್ರೆಯಿಂದ ಬಂದ ಮೇಲೆ ಬರೆದರೆ ಸಾಕು.

ಸಾಗರದ ದೊಡ್ಡಪ್ಪ: ಆಟೋ ಬಂತು. ಹೊರಟೆವು.